ಲಾರಿ ಕಂಪನಿ ಮಾರಾಟವಾದರೆ ದುಡಿಯುವವನೂ ಮಾರಾಟವಾದನೆ?

ಕಳೆದ ವಾರ ಒಬ್ಬ ಲಾರಿ ಮಾಲೀಕ ನಮ್ಮ ಕಚೇರಿಯ ಮೆಟ್ಟಿಲು ಹತ್ತಿ ಬಂದ. ಮಾಲೀಕ ಎಂದ ಕೂಡಲೇ ಓದುಗರು ಸಾಹುಕಾರನೊಬ್ಬನನ್ನು ಕಣ್ಣ ಮುಂದೆ ತಂದುಕೊಳ್ಳಬೇಕಾಗಿಲ್ಲ. ಆತ ನಾವು ಹಿಂದೆ ಶಾಲೆಯಲ್ಲಿ ಕಲಿಸಿದ ಹುಡುಗ. ಹತ್ತು ವರ್ಷ ಬೇರೆಯವರ ಲಾರಿಯಲ್ಲಿ ಕ್ಲೀನರನಾಗಿ, ಆಮೇಲೆ ಡ್ರೈವರನಾಗಿ ದುಡಿದು, ಹೆಂಡತಿಯ ಒಡವೆ ಅಡವಿಟ್ಟು, ಉಳಿದುದಕ್ಕೆ ಫೈನಾನ್ಸಿನವರಲ್ಲಿ ಸಾಲ ಎತ್ತಿ ಒಂದು ಲಾರಿ ಕೊಂಡವನು. ಅದನ್ನು ಒಂದು ಟ್ರಾನ್ಸ್‌ಪೋರ್ಟ್ ಕಂಪನಿಗೆ ಹಚ್ಚಿ ಓಡಿಸುತ್ತಿದ್ದ. ಆ ಕಂಪನಿಯನ್ನು ದೂರದ ನಗರದ ದೊಡ್ಡ ಕಂಪನಿಯೊಂದು ಕೊಂಡುಕೊಂಡಿದೆ. ಇವನಿಗೆ ಮೂರು ತಿಂಗಳ ಬಾಡಿಗೆ, 3,80,000 ರೂಪಾಯಿ ಬರಬೇಕು. ಹಳಬರನ್ನು ಕೇಳಿದರೆ 'ಲೆಕ್ಕವೆಲ್ಲ ಹೊಸಬರಿಗೆ ಒಪ್ಪಿಸಿದ್ದೇವೆ' ಎನ್ನುತ್ತಾರೆ. ಹೊಸಬರನ್ನು ಕೇಳಿದರೆ 'ಅದು ಹಳೆಯ ಬಾಕಿ, ನಮಗೆ ಸಂಬಂಧವಿಲ್ಲ' ಎನ್ನುತ್ತಾರೆ. “ಮೇಷ್ಟ್ರೆ, ಲಾರಿ ನಂದು, ಸಾಲ ನಂದು, ಡೀಸೆಲ್ಲಿಗೆ ಹಾಕಿದ ದುಡ್ಡು ನಂದು. ಬಾಡಿಗೆ ಕೊಡೋರು ಯಾರು ಅನ್ನೋದು ಮಾತ್ರ ಗೊತ್ತಾಗ್ತಿಲ್ಲ” ಎಂದ.

ಮರುದಿನ ನಾವು ಆ ಗೋದಾಮಿಗೆ ಹೋಗಿ ಬಂದೆವು. ಹಳೆಯ ಬೋರ್ಡು ಇಳಿದಿದೆ, ಹೊಸ ಬೋರ್ಡು ಏರಿದೆ. ಒಳಗೆ ಹದಿನಾಲ್ಕು ವರ್ಷದಿಂದ ಬಿಲ್ಟಿ ಬರೆಯುತ್ತಿರುವ ಗುಮಾಸ್ತನ ಮುಂದೆ ಎರಡು ಕಾಗದ ಇಟ್ಟಿದ್ದಾರೆ. ಒಂದು, 'ನಾನು ಸ್ವಸಂತೋಷದಿಂದ ಕೆಲಸ ಬಿಡುತ್ತಿದ್ದೇನೆ' ಎಂಬ ರಾಜೀನಾಮೆ. ಇನ್ನೊಂದು, ಇಂದಿನಿಂದ ಹೊಸದಾಗಿ ಸೇರಿದಂತೆ ಒಂದು ನೇಮಕದ ಪತ್ರ. ಎರಡಕ್ಕೂ ಒಟ್ಟಿಗೇ ಸಹಿ ಹಾಕಬೇಕಂತೆ. ಹಮಾಲರಿಗಂತೂ ಕಾಗದವೇ ಇಲ್ಲ. 'ನಾಳೆಯಿಂದ ಮೇಸ್ತ್ರಿ ಬೇರೆ' ಎಂಬ ಒಂದು ಬಾಯಿಮಾತು, ಅಷ್ಟೇ. ಕಂಪನಿಯ ಹೆಸರನ್ನು ನಾವು ಇಲ್ಲಿ ಬರೆಯುವುದಿಲ್ಲ. ಮಾತುಕತೆ ಇನ್ನೂ ನಡೆದಿದೆ. ಆದರೆ ಈ ಪ್ರಶ್ನೆ ಒಂದು ಗೋದಾಮಿನದಲ್ಲ. ಇಂದು ಲಾರಿ ಕಂಪನಿ, ನಾಳೆ ಗಿರಣಿ, ನಾಡಿದ್ದು ಅಂಗಡಿ ಸಾಲು. ಆದ್ದರಿಂದ ಇದನ್ನು ಬಿಡಿಸಿ ನೋಡುವುದು ಅವಶ್ಯ.

ಒಂದು ಕಂಪನಿ ಇನ್ನೊಂದು ಕಂಪನಿಯನ್ನು ಏಕೆ ಕೊಳ್ಳುತ್ತದೆ? ಲಾರಿಗಳಿಗಾಗಿ ಅಲ್ಲ. ಲಾರಿ ಬೇಕಾದರೆ ಕಾರಖಾನೆಯಲ್ಲೇ ಸಿಗುತ್ತದೆ. ಕೊಳ್ಳುವುದು ಗೋದಾಮುಗಳ ಜಾಲವನ್ನು, ಹೆದ್ದಾರಿಯ ಪಕ್ಕದ ಜಾಗವನ್ನು, ನಂಬಿ ಮಾಲು ಕೊಡುವ ಗಿರಾಕಿಗಳನ್ನು. ಆ ನಂಬಿಕೆಯನ್ನು ಕಟ್ಟಿದವರು ಯಾರು? ರಾತ್ರಿಯೆಲ್ಲ ನಿದ್ದೆಗೆಟ್ಟು ಮುಂಜಾನೆಗೆ ಮಾಲು ಮುಟ್ಟಿಸಿದ ಡ್ರೈವರು, ಪಾರ್ಸಲ್ಲಿನ ಮೂಲೆ ನಜ್ಜಾಗದಂತೆ ಇಳಿಸಿದ ಹಮಾಲ, ಗಿರಾಕಿಯ ಹೆಸರು ನೆನಪಿಟ್ಟುಕೊಂಡ ಗುಮಾಸ್ತ. ಅವರ ಬೆವರು 'ಒಳ್ಳೆಯ ಹೆಸರು' ಎಂಬ ಬಾಬತ್ತಿನಲ್ಲಿ ಕ್ರಯಪತ್ರದಲ್ಲಿ ಸೇರುತ್ತದೆ. ಅದರ ಬೆಲೆ ಮಾರಿದವನ ಜೇಬಿಗೆ ಹೋಗುತ್ತದೆ. ಕೊಂಡವನೋ, ಬಹಳ ಸಲ ಸಾಲ ಮಾಡಿ ಕೊಂಡಿರುತ್ತಾನೆ. ಆ ಸಾಲ ಎಲ್ಲಿಂದ ತೀರಬೇಕು? ಒಂದೇ ಊರಿನಲ್ಲಿ ಎರಡು ಕಂಪನಿಗಳ ಎರಡು ಗೋದಾಮಿದ್ದರೆ ಒಂದನ್ನು ಮುಚ್ಚಬೇಕು. ಇಬ್ಬರು ಗುಮಾಸ್ತರಿದ್ದಲ್ಲಿ ಒಬ್ಬನನ್ನು ಕಳಿಸಬೇಕು. ಹಚ್ಚಿದ ಲಾರಿಗಳ ಬಾಡಿಗೆ ಇಳಿಸಬೇಕು. ಇದಕ್ಕೆ ಅವರು ಕೊಡುವ ಹೆಸರು 'ಉಳಿತಾಯ'. ಯಾರ ಹೊಟ್ಟೆಯಿಂದ ಉಳಿತಾಯ ಎಂದು ಕೇಳುವವರಿಲ್ಲ.

ಇದು ನಮ್ಮ ಊಹೆಯಲ್ಲ. ಬಂಡವಾಳದ ದೇಶವೆಂದು ಹೊಗಳಿಸಿಕೊಳ್ಳುವ ಅಮೆರಿಕದ ಒಂದು ಕತೆಯನ್ನು ನೋಡೋಣ. ಯೆಲ್ಲೊ ಎಂಬ ಲಾರಿ ಕಂಪನಿ 1924ರಲ್ಲಿ ಹುಟ್ಟಿದ್ದು. ಅದರ ಎದುರಾಳಿ ರೋಡ್‌ವೇ, 1930ರದ್ದು. 2003ರಲ್ಲಿ ಯೆಲ್ಲೊ ನೂರು ಕೋಟಿ ಡಾಲರಿಗೂ ಹೆಚ್ಚು ಕೊಟ್ಟು ರೋಡ್‌ವೇಯನ್ನು ನುಂಗಿತು. ಹೊಟ್ಟೆ ತುಂಬಲಿಲ್ಲ. 2005ರಲ್ಲಿ 130 ಕೋಟಿ ಡಾಲರಿಗೂ ಮಿಕ್ಕಿ ಕೊಟ್ಟು ಯು.ಎಸ್.ಎಫ್. ಎಂಬ ಇನ್ನೊಂದು ಗುಂಪನ್ನು ಕೊಂಡಿತು. ಸಾಲ ಬೆಳೆಯಿತು. 2008ರ ಆರ್ಥಿಕ ಕುಸಿತದಲ್ಲಿ ಮಾಲು ಕಡಿಮೆಯಾದಾಗ ಸಾಲದ ಬಡ್ಡಿ ಮಾತ್ರ ಕಡಿಮೆಯಾಗಲಿಲ್ಲ.

ಆಗ ಕಂಪನಿ ಯಾರ ಬಾಗಿಲಿಗೆ ಬಂತು? ಕೆಲಸಗಾರರ ಬಾಗಿಲಿಗೆ. ಟೀಮ್‌ಸ್ಟರ್ಸ್ ಎಂಬುದು ಅಲ್ಲಿನ ಲಾರಿ ಕೆಲಸಗಾರರ ಸಂಘ; 1903ರಲ್ಲಿ ಕುದುರೆ ಬಂಡಿ ಹೊಡೆಯುವವರು ಕಟ್ಟಿದ್ದು. 2009ರಲ್ಲಿ ಆ ಕೆಲಸಗಾರರು ಮೊದಲು ಸಂಬಳದಲ್ಲಿ ನೂರಕ್ಕೆ 10, ಅದೇ ವರ್ಷ ಮತ್ತೆ 5, ಒಟ್ಟು 15 ಬಿಟ್ಟುಕೊಟ್ಟರು. ಪಿಂಚಣಿ ನಿಧಿಗೆ ಕಂಪನಿ ಕಟ್ಟಬೇಕಾದ ಹಣವನ್ನು ನಿಲ್ಲಿಸಲು ಒಪ್ಪಿದರು. 2011ರಲ್ಲಿ ಮತ್ತೆ ಕಟ್ಟತೊಡಗಿದಾಗ ಹಿಂದಿನ ನಾಲ್ಕರಲ್ಲಿ ಒಂದು ಪಾಲು ಮಾತ್ರ. ಕಂಪನಿ ಉಳಿದರೆ ನಾವು ಉಳಿದೇವು ಎಂದು ಎಣಿಸಿ ಹೊಟ್ಟೆ ಕಟ್ಟಿದರು. 2020ರಲ್ಲಿ ಸರಕಾರವೂ 70 ಕೋಟಿ ಡಾಲರು ಸಾಲ ಕೊಟ್ಟಿತು. ಪ್ರತಿಯಾಗಿ ಕಂಪನಿಯ ನೂರಕ್ಕೆ 29.6 ಪಾಲು ಶೇರುಗಳನ್ನು ತೆಗೆದುಕೊಂಡಿತು.

ಇಷ್ಟಾದರೂ, ಕೊಂಡ ಕಂಪನಿಗಳನ್ನು ಸರಿಯಾಗಿ ಒಂದುಗೂಡಿಸುವುದು ಇಪ್ಪತ್ತು ವರ್ಷವಾದರೂ ಮುಗಿದಿರಲಿಲ್ಲ. 2023ರ ಜುಲೈ ತಿಂಗಳಲ್ಲಿ ಕಂಪನಿ ಆರೋಗ್ಯ ಮತ್ತು ಪಿಂಚಣಿ ನಿಧಿಗೆ ಹಣ ಕಟ್ಟುವುದನ್ನು ತಪ್ಪಿಸಿತು. ಸಂಘ ಮುಷ್ಕರದ ನೋಟೀಸು ಕೊಟ್ಟಿತು. ಜುಲೈ 30ಕ್ಕೆ ಕಂಪನಿಯೇ ಬಾಗಿಲು ಹಾಕಿತು. ಆಗಸ್ಟ್ 6ಕ್ಕೆ ದಿವಾಳಿ ಅರ್ಜಿ ಕೊಟ್ಟಿತು. ಸುಮಾರು 30,000 ಜನ ಬೀದಿಗೆ ಬಿದ್ದರು. ಅವರಲ್ಲಿ 22,000 ಜನ ಸಂಘದ ಸದಸ್ಯರು. ದೊಡ್ಡ ಪ್ರಮಾಣದಲ್ಲಿ ಕೆಲಸದಿಂದ ತೆಗೆಯುವಾಗ 60 ದಿನ ಮುಂಚೆ ತಿಳಿಸಬೇಕೆಂಬ 1988ರ ಕಾಯಿದೆ ಆ ದೇಶದಲ್ಲಿದೆ. ಆ ಕಾಯಿದೆಯ ಹಣಕ್ಕಾಗಿ ಕೆಲಸಗಾರರು ಕೋರ್ಟಿನ ಬಾಗಿಲು ಬಡಿಯಬೇಕಾಯಿತು.

ಕತೆಯ ಕೊನೆಯನ್ನು ಗಮನಿಸಿ. 2023ರ ಡಿಸೆಂಬರಿನಲ್ಲಿ ಆ ಕಂಪನಿಯ 130 ಗೋದಾಮು ನಿಲ್ದಾಣಗಳು ಹರಾಜಾದವು. ಬಂದ ಹಣ ಸುಮಾರು 188 ಕೋಟಿ ಡಾಲರು. ಒಂದೇ ಕಂಪನಿ 28 ನಿಲ್ದಾಣಗಳಿಗೆ 87 ಕೋಟಿ ಕೊಟ್ಟಿತು. ಸಾಲ ಕೊಟ್ಟವರಿಗೆ ಬಡ್ಡಿ ಸಮೇತ ಹಣ ಬಂತು. ನೆಲಕ್ಕೆ ಬೆಲೆ ಇತ್ತು, ಗೋಡೆಗೆ ಬೆಲೆ ಇತ್ತು. ಹದಿನಾಲ್ಕು ವರ್ಷ ಸಂಬಳ ಬಿಟ್ಟುಕೊಟ್ಟ ಕೈಗಳಿಗೆ ಮಾತ್ರ ಹರಾಜಿನಲ್ಲಿ ಬೆಲೆ ಇರಲಿಲ್ಲ. 'ಸಂಘದವರ ಹಟದಿಂದ ಕಂಪನಿ ಮುಳುಗಿತು' ಎಂದು ಕಂಪನಿಯವರು ಹೇಳಿದರು. ಸಂಬಳ ಕಡಿಸಿಕೊಂಡವರ ಹಟವೆ? ಸಾಲ ಮಾಡಿ ಎರಡು ಸಲ ನುಂಗಿದವರ ಆಸೆಯೆ? ಲೆಕ್ಕ ಬಲ್ಲ ಓದುಗರೇ ನಿರ್ಣಯಿಸಲಿ.

ಹಾಗಾದರೆ ಕೈ ಬದಲಾಯಿಸುವುದೆಲ್ಲ ಕೇಡೇ? ಹಾಗೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ಅದೇ ದೇಶದಲ್ಲಿ ಓವರ್‌ನೈಟ್ ಎಂಬ ಲಾರಿ ಕಂಪನಿಯಿತ್ತು. ಅಲ್ಲಿ ಸಂಘ ಕಟ್ಟಲು ಟೀಮ್‌ಸ್ಟರ್ಸ್‌ನವರು 1999ರಿಂದ 2002ರವರೆಗೆ ಮೂರು ವರ್ಷ ಮುಷ್ಕರ ಹೂಡಿ ಸೋತಿದ್ದರು. 2005ರಲ್ಲಿ ಆ ಕಂಪನಿಯನ್ನು ಯು.ಪಿ.ಎಸ್. ಕೊಂಡಿತು. ಯು.ಪಿ.ಎಸ್.ನಲ್ಲಿ ಸಂಘ ಮೊದಲೇ ಬಲವಾಗಿ ಬೇರೂರಿತ್ತು. ಪರಿಣಾಮವೇನು? ಮುಷ್ಕರದಿಂದ ಆಗದಿದ್ದುದು 2008ರ ಹೊತ್ತಿಗೆ ಆಯಿತು; ಓವರ್‌ನೈಟಿನ ಹಳೆಯ ಕೆಲಸಗಾರರು ಸಂಘಕ್ಕೆ ಸೇರಿ ಒಪ್ಪಂದ ಪಡೆದರು. 2021ರಲ್ಲಿ ಯು.ಪಿ.ಎಸ್. ಆ ಭಾಗವನ್ನು ಕೆನಡಾದ ಟಿ.ಎಫ್.ಐ. ಕಂಪನಿಗೆ 80 ಕೋಟಿ ಡಾಲರಿಗೆ ಮಾರಿದಾಗ, ಆ ಒಪ್ಪಂದವೂ ಲಾರಿಗಳ ಜೊತೆಗೇ ಹೊಸ ಕೈಗೆ ಹೋಯಿತು. 2023ರಲ್ಲಿ ಹೊಸ ಮಾಲೀಕರೊಡನೆ ಮತ್ತೆ ಒಪ್ಪಂದವಾಯಿತು. ಎರಡು ಕತೆಗಳನ್ನೂ ಒಟ್ಟಿಗಿಟ್ಟು ನೋಡಿದರೆ ತಿಳಿಯುವುದು ಇಷ್ಟು. ಕೈ ಬದಲಾದಾಗ ಕೆಲಸಗಾರನ ಹಣೆಬರಹ ಕೊಂಡವನ ಒಳ್ಳೆಯತನದ ಮೇಲೆ ನಿಲ್ಲುವುದಿಲ್ಲ. ಮಾರಾಟಕ್ಕೆ ಮುಂಚೆ ಏನು ಬರೆದಿಟ್ಟಿದೆ ಎಂಬುದರ ಮೇಲೆ, ಕೊಂಡವನ ತಲೆಯ ಮೇಲೆ ಎಷ್ಟು ಸಾಲವಿದೆ ಎಂಬುದರ ಮೇಲೆ ನಿಲ್ಲುತ್ತದೆ.

ಇನ್ನು ಗುತ್ತಿಗೆಯವರ ಪಾಡು. ಸೆಲಡಾನ್ ಎಂಬ ಕಂಪನಿ 1985ರಲ್ಲಿ ಶುರುವಾಗಿ, ಚಿಕ್ಕ ಚಿಕ್ಕ ಲಾರಿ ಕಂಪನಿಗಳನ್ನು ಒಂದರ ಹಿಂದೊಂದು ಕೊಂಡು ಬೆಳೆಯಿತು. ಅದರ ಅಂಗಸಂಸ್ಥೆಯೊಂದು ಲಾರಿಗಳನ್ನು ಡ್ರೈವರರಿಗೆ ಬಾಡಿಗೆ ಕಂತಿನ ಮೇಲೆ ಕೊಡುತ್ತಿತ್ತು. 'ನೀನು ಕೆಲಸದಾಳಲ್ಲ, ಸ್ವತಂತ್ರ ಗುತ್ತಿಗೆದಾರ' ಎಂಬ ಮಾತಿನ ಅರ್ಥ ಇದೇ: ಲಾರಿಯ ಕಂತು, ರಿಪೇರಿ ಡ್ರೈವರನ ಮೇಲೆ; ಲೋಡು ಯಾವಾಗ, ಎಷ್ಟು ಬೆಲೆಗೆ ಎಂಬುದು ಕಂಪನಿಯ ಕೈಯಲ್ಲಿ. ಲೆಕ್ಕದಲ್ಲಿ ನಷ್ಟವನ್ನು ಮುಚ್ಚಿಟ್ಟದ್ದು ಬಯಲಾಗಿ, 2019ರ ಡಿಸೆಂಬರ್ 9ರಂದು ಕಂಪನಿ ದಿವಾಳಿ ಎದ್ದಿತು. ಡೀಸೆಲ್ ಕಾರ್ಡುಗಳು ನಿಂತವು. ಮನೆಯಿಂದ ನೂರಾರು ಮೈಲಿ ದೂರದ ಹೆದ್ದಾರಿಗಳಲ್ಲಿ ಡ್ರೈವರರು ಲಾರಿ ಸಮೇತ ಸಿಕ್ಕಿಬಿದ್ದರು. ಇತರ ಡ್ರೈವರರೂ ಸಾಮಾನ್ಯ ಜನರೂ ಸಹಾಯಮಾಡಿ ಅವರನ್ನು ಊರು ಮುಟ್ಟಿಸಬೇಕಾಯಿತು. ಇಂಥ ಕಂತಿನ ಪದ್ಧತಿಗಳನ್ನೇ ನಿಷೇಧಿಸಬೇಕೆಂದು ಅಲ್ಲಿನ ಸರಕಾರ ನೇಮಿಸಿದ್ದ ಕಾರ್ಯಪಡೆ 2025ರ ಜನವರಿಯಲ್ಲಿ ಸಲಹೆ ಕೊಟ್ಟಿದೆ.

ಪುಣೆ-ಬೆಂಗಳೂರು ಹೆದ್ದಾರಿಯ ಢಾಬಾದಲ್ಲಿ ಕುಳಿತು ಯಾವ ಲಾರಿ ಮಾಲೀಕನನ್ನು ಕೇಳಿದರೂ ಈ ಕತೆ ಅವನಿಗೆ ಹೊಸದೆನಿಸದು. ನಮ್ಮ ದೇಶದಲ್ಲಿ ಲಾರಿಗಳ ಬಹುಪಾಲು ಇರುವುದು ಒಂದೆರಡು ಲಾರಿಯ ಸಣ್ಣ ಮಾಲೀಕರ ಕೈಯಲ್ಲಿ. ದೊಡ್ಡ ಕಂಪನಿಗಳು ಮಾಲು ಹಿಡಿಯುತ್ತವೆ. ಓಡಿಸುವುದು ಇವರ ಲಾರಿ. ಈ ಕಂಪನಿಗಳೂ ಕೆಲವು ವರ್ಷಗಳಿಂದ ಒಂದನ್ನೊಂದು ಕೊಳ್ಳುತ್ತಿವೆ. 2020ರಲ್ಲಿ ಹೈದರಾಬಾದಿನ ಗತಿ ಕಂಪನಿ ಆಲ್‌ಕಾರ್ಗೋ ಕೈಗೆ ಹೋಯಿತು. 2021ರಲ್ಲಿ ಡೆಲ್ಲಿವರಿ ಸುಮಾರು 1,500 ಕೋಟಿ ರೂಪಾಯಿಗೆ ಸ್ಪಾಟಾನನ್ನು ಕೊಂಡಿತು. ಎರಡು ಜಾಲಗಳನ್ನು ಜೋಡಿಸುವಾಗ 2022ರಲ್ಲಿ ಮಾಲು ಸಾಗಣೆಯಲ್ಲಿ ತೊಡಕಾಗಿ ಲೋಡು ಇಳಿಯಿತು. ಅದೇ 2022ರಲ್ಲಿ ರಿವಿಗೋದ ಎಕ್ಸ್‌ಪ್ರೆಸ್ ವ್ಯವಹಾರ 225 ಕೋಟಿಗೆ ಮಹೀಂದ್ರ ಲಾಜಿಸ್ಟಿಕ್ಸಿಗೆ ಹೋಯಿತು. 2025ರಲ್ಲಿ ಈಕಾಂ ಎಕ್ಸ್‌ಪ್ರೆಸ್ ಸುಮಾರು 1,400 ಕೋಟಿಗೆ ಡೆಲ್ಲಿವರಿಯ ಪಾಲಾಯಿತು. ಈ ಒಂದೊಂದು ವ್ಯವಹಾರದಲ್ಲೂ ಅನ್ಯಾಯವೇ ನಡೆಯಿತೆಂದು ನಾವು ಆರೋಪಿಸುತ್ತಿಲ್ಲ. ನಾವು ಹೇಳುವುದು ಇಷ್ಟೇ: ಪತ್ರಿಕೆಗಳು ಕೋಟಿಗಳ ಲೆಕ್ಕ ಬರೆದವು, ಹಚ್ಚಿದ ಲಾರಿಯವನ ಬಾಕಿಯ ಲೆಕ್ಕ ಆ ಸುದ್ದಿಯ ಸಾಲುಗಳಲ್ಲಿ ಸೇರಲಿಲ್ಲ.

ಕಾಯಿದೆ ಏನು ಹೇಳುತ್ತದೆ? ಇಲ್ಲಿ ನಮ್ಮ ಗಿರಣಿ ಬಂಧುಗಳು ಕಿವಿಗೊಡಬೇಕು. ಪಂಢರಪುರಕ್ಕೆ ಹೋಗಿ ಬರುವ ಹಿರಿಯರಿಗೆ ಮೀರಜ್-ಲಾತೂರಿನ ಸಣ್ಣ ರೈಲು ನೆನಪಿದ್ದೀತು. ಅದು ಬಾರ್ಸಿ ಲೈಟ್ ರೈಲ್ವೆ ಎಂಬ ಖಾಸಗಿ ಕಂಪನಿಯದು. 1954ರ ಜನವರಿ 1ರಂದು ಸರಕಾರ ಅದನ್ನು ವಹಿಸಿಕೊಂಡಿತು. ಹಳೆಯ ಕಂಪನಿ ತನ್ನ ಕೆಲಸಗಾರರಿಗೆಲ್ಲ ನೋಟೀಸು ಕೊಟ್ಟು ಕೈ ತೊಳೆದುಕೊಂಡಿತು. ಪರಿಹಾರ ಬೇಕೆಂದು ಕೆಲಸಗಾರರು ಹೋರಾಡಿದರು. ಬರೋಡಾದ ಒಂದು ಗಿರಣಿ ಮುಚ್ಚಿದ ಪ್ರಕರಣವೂ ಇದರ ಜೊತೆಗೆ ಸೇರಿ ಸುಪ್ರೀಂ ಕೋರ್ಟಿಗೆ ಹೋಯಿತು. 1956ರ ನವೆಂಬರ್ 27ರಂದು ಕೋರ್ಟು, 'ಉದ್ದಿಮೆ ಮುಚ್ಚಿದರೆ ಅಥವಾ ಕೈ ಬದಲಾದರೆ ಅದು ರಿಟ್ರೆಂಚ್‌ಮೆಂಟ್ ಅಲ್ಲ. ಅದರ ಪರಿಹಾರ ಸಲ್ಲದು' ಎಂದು ತೀರ್ಪಿತ್ತಿತು. ದೇಶದ ಕಾರ್ಮಿಕರು ಸುಮ್ಮನಿರಲಿಲ್ಲ. 1957ರಲ್ಲಿ ಸರಕಾರ ಮೊದಲು ಸುಗ್ರೀವಾಜ್ಞೆ, ಆಮೇಲೆ ತಿದ್ದುಪಡಿ ಕಾಯಿದೆ ತಂದು, 1947ರ ಕೈಗಾರಿಕಾ ವಿವಾದ ಕಾಯಿದೆಗೆ '25 ಎಫ್‌ಎಫ್' ಎಂಬ ಕಲಮನ್ನು ಹೊಸ ರೂಪದಲ್ಲಿ ಸೇರಿಸಿತು. ತೀರ್ಪಿನ ಮರುದಿನದಿಂದಲೇ ಅದು ಜಾರಿಯಾಗುವಂತೆ ಮಾಡಿತು. ಅಂದರೆ ನಮ್ಮ ಕೈಯಲ್ಲಿರುವ ಈ ಹಕ್ಕು ಹುಟ್ಟಿದ್ದು ಒಂದು ಸಾರಿಗೆ ಕಂಪನಿ ಕೈ ಬದಲಾಯಿಸಿದ್ದರಿಂದ, ಜೊತೆಗೆ ಒಂದು ಗಿರಣಿ ಮುಚ್ಚಿದ್ದರಿಂದ.

2025ರ ನವೆಂಬರ್ 21ರಂದು ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಹಳೆಯ ಕಾಯಿದೆಗಳ ಜಾಗವನ್ನು ಅವು ಹಿಡಿದಿವೆ. ಈ ಒಂದು ಹಕ್ಕು ಮಾತ್ರ ಹೊಸ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಉಳಿದಿದೆ. ಅದರ ಸಾರಾಂಶ ಇದು. ಒಂದು ವರ್ಷಕ್ಕೆ ಕಡಿಮೆಯಿಲ್ಲದೆ ಸತತವಾಗಿ ದುಡಿದ ಕೆಲಸಗಾರನಿಗೆ, ಉದ್ದಿಮೆ ಕೈ ಬದಲಾದಾಗ ನೋಟೀಸಿನ ಸಂಬಳ ಮತ್ತು ಪ್ರತಿ ವರ್ಷದ ಸೇವೆಗೆ 15 ದಿನದ ಸರಾಸರಿ ಸಂಬಳ ಪರಿಹಾರ ಸಲ್ಲಬೇಕು. ಕೊಡಬೇಕಾಗಿಲ್ಲದಿರುವುದು ಮೂರೂ ಷರತ್ತು ಒಟ್ಟಿಗೆ ಪೂರೈಸಿದಾಗ ಮಾತ್ರ: ಸೇವೆ ನಡುವೆ ಮುರಿಯಬಾರದು, ಹೊಸ ಷರತ್ತುಗಳು ಹಳೆಯವಕ್ಕಿಂತ ಕೀಳಾಗಿರಬಾರದು, ಮುಂದೆ ಎಂದಾದರೂ ಕೆಲಸದಿಂದ ತೆಗೆದರೆ ಹಳೆಯ ವರ್ಷಗಳನ್ನೂ ಸೇರಿಸಿಯೇ ಪರಿಹಾರ ಕೊಡುವ ಹೊಣೆ ಹೊಸ ಮಾಲೀಕನ ಮೇಲಿರಬೇಕು.

ಮೇಷ್ಟರ ಅಭ್ಯಾಸ ಬಿಡದು. ಹಲಗೆಯ ಮೇಲೆ ಒಂದು ಲೆಕ್ಕ ಹಾಕೋಣ. ಗುಮಾಸ್ತನ ಸಂಬಳ ತಿಂಗಳಿಗೆ 18,000 ಎನ್ನಿ. ಅರ್ಧ ತಿಂಗಳಿಗೆ 9,000. ಹದಿನಾಲ್ಕು ವರ್ಷಕ್ಕೆ 1,26,000. ಒಂದು ತಿಂಗಳ ನೋಟೀಸಿನ ಸಂಬಳ 18,000. ಒಟ್ಟು 1,44,000 ರೂಪಾಯಿ. ಗ್ರಾಚ್ಯುಟಿ ಇದಕ್ಕೆ ಬೇರೆ. ಈಗ ಆ 'ಸ್ವಸಂತೋಷದ ರಾಜೀನಾಮೆ'ಯ ಬೆಲೆ ಎಷ್ಟೆಂದು ತಿಳಿಯಿತೆ? ಒಂದು ಸಹಿಯಿಂದ ಹದಿನಾಲ್ಕು ವರ್ಷ ಒರೆಸಿ ಹೋಗುತ್ತದೆ. ನಾಳೆ ತೆಗೆದರೆ ಒಂದು ದಿನದ ಕೆಲಸಗಾರ. ಆದ್ದರಿಂದಲೇ ಆ ಕಾಗದವನ್ನು ಅಷ್ಟು ನಯವಾಗಿ ಮುಂದಿಡುತ್ತಾರೆ. ಇನ್ನೊಂದು ಮಾತು. ಕಂಪನಿಯ ಶೇರುಗಳು ಮಾತ್ರ ಕೈ ಬದಲಾಗಿದ್ದರೆ ಕಾಯಿದೆಯ ಕಣ್ಣಿಗೆ ಮಾಲೀಕ ಬದಲಾಗಿಯೇ ಇಲ್ಲ; ಅದೇ ಕಂಪನಿ, ಅದೇ ಸೇವೆ, ಅದೇ ಹೊಣೆ. ಹೊಸ ನೇಮಕದ ಪತ್ರದ ಮಾತೇ ಅಲ್ಲಿ ಏಳಬಾರದು. ಭವಿಷ್ಯನಿಧಿಯ ಬಾಕಿಯೂ ಹಾಗೆಯೇ: ಮಾರಿದವನೂ ಕೊಂಡವನೂ ಇಬ್ಬರೂ ಹೊಣೆ; ಕೊಂಡವನ ಹೊಣೆ ಅವನಿಗೆ ಬಂದ ಆಸ್ತಿಯ ಬೆಲೆಯ ಮಟ್ಟಿಗೆ.

ಉಳಿದುದನ್ನು ಹೇಳಿದ ಮೇಲೆ ಕಳೆದುದನ್ನೂ ಹೇಳಬೇಕು. 1961ರ ಮೋಟಾರು ಸಾರಿಗೆ ಕೆಲಸಗಾರರ ಕಾಯಿದೆ ಐದು ಜನ ಕೆಲಸಗಾರರಿದ್ದರೆ ಸಾಕು, ಅನ್ವಯಿಸುತ್ತಿತ್ತು. ಹೊಸ ಸಂಹಿತೆಯಲ್ಲಿ ಹತ್ತು ಜನ ಬೇಕು. ಗುತ್ತಿಗೆ ಕಾರ್ಮಿಕರ ಕಾಯಿದೆ 20 ಜನಕ್ಕೆ ಅನ್ವಯಿಸುತ್ತಿದ್ದುದು ಈಗ 50 ಜನಕ್ಕೆ. ಸಣ್ಣ ಸಣ್ಣ ತುಂಡುಗಳಾಗಿ ಹಂಚಿಹೋದ ಲಾರಿ ಕೆಲಸದಲ್ಲಿ, ಎಂಟು ಡ್ರೈವರರ ಗೋದಾಮು ಎಷ್ಟಿಲ್ಲ? ಮೂವತ್ತು ಹಮಾಲರ ಮೇಸ್ತ್ರಿ ಎಷ್ಟಿಲ್ಲ? ಅವರೆಲ್ಲ ಒಂದು ಅಂಕಿಯ ತಿದ್ದುಪಡಿಯಿಂದ ಕಾಯಿದೆಯ ಚಾವಣಿಯ ಹೊರಗೆ ನಿಂತರು. ಇದನ್ನು ಸುಧಾರಣೆ ಎಂದು ಕರೆಯುವವರು ಒಂದು ಮಳೆಗಾಲ ಆ ಚಾವಣಿಯ ಹೊರಗೆ ನಿಂತು ನೋಡಲಿ.

ಒಂದೇ ಲಾರಿಯ ಮಾಲೀಕನಿಗಾದರೋ ಈ 15 ದಿನದ ಪರಿಹಾರವೂ ಇಲ್ಲ, ಅವನು 'ವ್ಯಾಪಾರಿ'. ಕಂಪನಿ ದಿವಾಳಿಯೆದ್ದರೆ, 2016ರ ದಿವಾಳಿ ಸಂಹಿತೆಯಂತೆ ಕೆಲಸಗಾರರ 24 ತಿಂಗಳ ಬಾಕಿಗೆ ಅಡವು ಸಾಲ ಕೊಟ್ಟವರ ಸಾಲಿನಲ್ಲೇ ಜಾಗ ಇದೆ. ಲಾರಿ ಬಾಡಿಗೆಯವನ ಸರದಿ ಅವರೆಲ್ಲರ ಹಿಂದೆ. ಆದರೂ ಅವನಿಗೊಂದು ಅಸ್ತ್ರ ಇದೆ. 2006ರ ಸಣ್ಣ ಉದ್ದಿಮೆಗಳ ಕಾಯಿದೆಯಂತೆ, ನೋಂದಣಿಯಾದ ಸಣ್ಣ ಉದ್ದಿಮೆದಾರನ ಬಿಲ್ಲನ್ನು ಹೆಚ್ಚೆಂದರೆ 45 ದಿನದೊಳಗೆ ಸಲ್ಲಿಸಬೇಕು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಲಾರಿ ಸೇವೆಯೂ ಇದರಲ್ಲಿ ಸೇರುತ್ತದೆ. ಆದರೆ ಬಾಕಿ ಬಿದ್ದ ಮೇಲೆ ಓಡಿ ಹೋಗಿ ನೋಂದಣಿ ಮಾಡಿಸಿದರೆ ಪ್ರಯೋಜನ ಕಷ್ಟ, ಮುಂಚೆಯೇ ಮಾಡಿಸಿರಬೇಕು. ನಮ್ಮ ಶಿಷ್ಯ ಮಾಡಿಸಿದ್ದ. ಅವನ ಜೊತೆಯ ಹಲವರು ಮಾಡಿಸಿರಲಿಲ್ಲ.

ಇನ್ನು ನಮ್ಮ ಅಂಗಡಿಕಾರ ಮಿತ್ರರು: 'ಇದು ಲಾರಿಯವರ ಜಗಳ, ನಮಗೇನು?' ಎಂದುಕೊಂಡಿದ್ದರೆ ಅದು ತಪ್ಪು. ಊರಿಗೆ ಮಾಲು ತರುವ ಐದು ಕಂಪನಿ ಮೂರಾದರೆ, ಮೂರು ಒಂದಾದರೆ, ಬಾಡಿಗೆ ನಿರ್ಣಯಿಸುವವನು ಒಬ್ಬನೇ. ಇಂದು ಪರಿಚಯದ ಗುಮಾಸ್ತ 'ಇರಲಿ ಅಣ್ಣ, ಮಾಲು ತಗೊಂಡು ಹೋಗಿ, ಸಂಜೆ ದುಡ್ಡು ಕಳಿಸಿ' ಎನ್ನುತ್ತಾನೆ. ನಾಳೆ ಫೋನಿನಲ್ಲಿ ಯಾವುದೋ ಊರಿನ ಧ್ವನಿ ಒಂದನ್ನು ಒತ್ತಿ, ಎರಡನ್ನು ಒತ್ತಿ ಎನ್ನುತ್ತದೆ. ಕೈ ಬದಲಾಗುವ ಗಡಿಬಿಡಿಯಲ್ಲಿ ಮಾಲು ಕಳೆದರೆ ನೆನಪಿಡಿ: 2007ರ ರಸ್ತೆ ಸಾಗಣೆ ಕಾಯಿದೆಯಂತೆ, ಬುಕ್ ಮಾಡಿದ ದಿನದಿಂದ 180 ದಿನದೊಳಗೆ ಲಿಖಿತ ನೋಟೀಸು ಕೊಡದಿದ್ದರೆ ದಾವೆಯೇ ನಿಲ್ಲುವುದಿಲ್ಲ. 'ಹಳೆಯ ಕಂಪನಿಯನ್ನು ಕೇಳಿ, ಹೊಸ ಕಂಪನಿಯನ್ನು ಕೇಳಿ' ಎಂದು ಓಡಾಡಿಸುವುದರಲ್ಲೇ ಆ 180 ದಿನ ಕಳೆದುಹೋಗುತ್ತದೆ.

ಎದುರು ಪಕ್ಷದ ಮಾತನ್ನೂ ಕೇಳೋಣ. ದೊಡ್ಡ ಕಂಪನಿ ಬಂದರೆ ಭವಿಷ್ಯನಿಧಿ ಸರಿಯಾಗಿ ಕಟ್ಟುತ್ತಾರೆ, ಸಂಬಳ ಬ್ಯಾಂಕಿಗೆ ಬರುತ್ತದೆ, ಮಾಲು ಎಲ್ಲಿದೆ ಎಂಬುದು ಫೋನಿನಲ್ಲೇ ಕಾಣುತ್ತದೆ ಎನ್ನುತ್ತಾರೆ. ನಿಜ, ಎಷ್ಟೋ ಸಣ್ಣ ಟ್ರಾನ್ಸ್‌ಪೋರ್ಟ್ ಮಾಲೀಕರು ಭವಿಷ್ಯನಿಧಿಯ ಹೆಸರನ್ನೇ ಎತ್ತಿದವರಲ್ಲ. ಹಳೆಯ ಮಾಲೀಕನೇ ದೇವರೆಂದು ನಾವು ಹೇಳುವುದಿಲ್ಲ. ನಮ್ಮ ವಿರೋಧ ದೊಡ್ಡದರ ಮೇಲಲ್ಲ; ಹೊಣೆಗೇಡಿತನದ ಮೇಲೆ. ಆಸ್ತಿ ಬೇಕು, ಬಾಕಿ ಬೇಡ. ಗಿರಾಕಿ ಬೇಕು, ಗುಮಾಸ್ತ ಬೇಡ ಎಂಬ ವ್ಯವಹಾರದ ಮೇಲೆ. ಮನೆ ಕೊಂಡವನು ಬಾವಿಯನ್ನು ಬಿಟ್ಟು ನೀರನ್ನು ಮಾತ್ರ ಕೊಂಡೆ ಎನ್ನಬಹುದೆ?

ಬೇರೆ ದಾರಿಗಳೂ ಇವೆ. ನಮ್ಮ ರಾಜ್ಯದಲ್ಲೇ 1976ರಲ್ಲಿ ಸರಕಾರ ಖಾಸಗಿ ಗುತ್ತಿಗೆ ಬಸ್ಸುಗಳನ್ನು ವಶಪಡಿಸಿಕೊಂಡು ಸಾರಿಗೆ ನಿಗಮಕ್ಕೆ ಒಪ್ಪಿಸಿದಾಗ, ಆ ಬಸ್ಸುಗಳ ಕೆಲಸಗಾರರನ್ನು ನಿಗಮಕ್ಕೆ ಸೇರಿಸಿಕೊಳ್ಳುವ ಕಲಮನ್ನು ಕಾಯಿದೆಯಲ್ಲೇ ಇಟ್ಟಿತ್ತು. 1977ರಲ್ಲಿ ಸುಪ್ರೀಂ ಕೋರ್ಟು ಆ ಕಾಯಿದೆಯನ್ನು ಎತ್ತಿಹಿಡಿಯಿತು. ಅದು ತುರ್ತುಪರಿಸ್ಥಿತಿಯ ಕಾಲ. ಆ ಕಾಲವನ್ನು ನಾವು ಹೊಗಳುವುದಿಲ್ಲ. ಆದರೆ ಬಸ್ಸಿನ ಜೊತೆಗೆ ಡ್ರೈವರನನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಸಾಧ್ಯವಲ್ಲ ಎಂಬುದಕ್ಕೆ ಅದು ಸಾಕ್ಷಿ. ಇಂಗ್ಲೆಂಡಿನಲ್ಲಿ 1982ರ ಫೆಬ್ರವರಿಯಲ್ಲಿ ಸರಕಾರಿ ಲಾರಿ ಸಂಸ್ಥೆಯಾದ ನ್ಯಾಷನಲ್ ಫ್ರೈಟ್ ಮಾರಾಟಕ್ಕೆ ಬಂದಾಗ, ಸುಮಾರು ಹತ್ತು ಸಾವಿರ ಕೆಲಸಗಾರರೂ ನಿವೃತ್ತರೂ ತಮ್ಮ ಉಳಿತಾಯ ಹಾಕಿ ಅದನ್ನು ಕೊಂಡರು. ಬೆಲೆ 5 ಕೋಟಿ 35 ಲಕ್ಷ ಪೌಂಡು. ಐದರಲ್ಲಿ ನಾಲ್ಕು ಪಾಲಿಗೂ ಹೆಚ್ಚು ಅವರದೇ. ಕಂಪನಿ ಚೆನ್ನಾಗಿ ಬೆಳೆಯಿತು. 1989ರಲ್ಲಿ ಶೇರುಪೇಟೆಗೆ ಹೋಯಿತು. ಪಾಲುಗಳು ಹೊರಗಿನವರ ಕೈಗೆ ಜಾರಿದವು. 2000ದಲ್ಲಿ ಇನ್ನೊಂದರೊಡನೆ ಕೂಡಿ ಎಕ್ಸೆಲ್ ಆಯಿತು. 2005ರಲ್ಲಿ ಜರ್ಮನಿಯ ಡಾಯಿಷ್ ಪೋಸ್ಟ್ ಅದನ್ನು ಕೊಂಡಿತು. ಕೆಲಸಗಾರರು ಲಾರಿ ಕಂಪನಿ ನಡೆಸಬಲ್ಲರು ಎಂಬುದು ಇದರ ಮೊದಲ ಪಾಠ. ಗಳಿಸಿದ್ದನ್ನು ಪೇಟೆಗೆ ಬಿಟ್ಟರೆ ಉಳಿಯದು ಎಂಬುದು ಎರಡನೆಯ ಪಾಠ. ಸಹಕಾರ ಸಂಘದ ಬೆಲೆ ನಮಗೆ ಇಲ್ಲಿ ತಿಳಿಯಬೇಕು.

ನಾವು ಕೇಳುವುದು ಆಕಾಶದ ಚಂದ್ರನನ್ನಲ್ಲ. ಲಾರಿ ಕಂಪನಿಯ ಮಾರಾಟಕ್ಕೆ ಮುಂಚೆ ಕೆಲಸಗಾರರಿಗೂ ಹಚ್ಚಿದ ಲಾರಿಯವರಿಗೂ ಲಿಖಿತ ತಿಳಿವಳಿಕೆ ಕೊಡಬೇಕು. ಬಾಡಿಗೆ ಬಾಕಿಯ ಪಟ್ಟಿಯನ್ನು ಕ್ರಯಪತ್ರಕ್ಕೇ ಲಗತ್ತಿಸಿ, ಅಷ್ಟು ಹಣವನ್ನು ಬೇರೆ ಇಡಬೇಕು. ಭವಿಷ್ಯನಿಧಿಗೆ ಹೇಗೋ ಹಾಗೆ ಬಾಡಿಗೆ ಬಾಕಿಗೂ ಇಬ್ಬರನ್ನೂ ಹೊಣೆ ಮಾಡುವ ಕಾಯಿದೆ ಬರಬೇಕು. ಐದು ಜನರ ಹಳೆಯ ಮಿತಿಯನ್ನು ಮೋಟಾರು ಕೆಲಸಗಾರರಿಗೆ ಮತ್ತೆ ತರಬೇಕು. ಇವು ಸರಕಾರದ ಕೆಲಸ.

ನಮ್ಮ ಕೆಲಸವೂ ಇದೆ. ರಾಜೀನಾಮೆಗೆ ಸಹಿ ಹಾಕಬೇಡಿ; ಹಾಕಲೇಬೇಕೆಂದರೆ 'ಹಳೆಯ ಸೇವೆ ಮುಂದುವರಿದಿದೆ' ಎಂದು ಲಿಖಿತ ಕೊಡಿ ಎನ್ನಿ. ಸಂಬಳದ ಚೀಟಿ, ಹಾಜರಿ, ಬಿಲ್ಟಿಯ ನಕಲು ಮನೆಯಲ್ಲಿಡಿ. ಲಾರಿಯವರು ಪ್ರತಿ ತಿಂಗಳು ಬಾಕಿಗೆ ಕಂಪನಿಯ ಒಪ್ಪಿಗೆ ಪತ್ರ ಪಡೆಯಲಿ. ಸಣ್ಣ ಉದ್ದಿಮೆಯ ನೋಂದಣಿ ಇಂದೇ ಮಾಡಿಸಲಿ. ಎಲ್ಲಕ್ಕಿಂತ ಮೊದಲು ಸಂಘ. ಮಾರಾಟದ ಸುದ್ದಿ ಬಂದ ಮೇಲೆ ಸಂಘ ಕಟ್ಟುವುದು ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದಂತೆ.

ಆ ಗುಮಾಸ್ತ ಇನ್ನೂ ಸಹಿ ಹಾಕಿಲ್ಲ. ಹಚ್ಚಿದ ಲಾರಿಗಳ ಹನ್ನೆರಡು ಮಾಲೀಕರಲ್ಲಿ ಹನ್ನೊಂದು ಜನ ಮೊನ್ನೆ ಒಂದೇ ಅರ್ಜಿಗೆ ಸಹಿ ಮಾಡಿ, ಹಳೆಯ ಮತ್ತು ಹೊಸ ಎರಡೂ ಕಂಪನಿಗಳಿಗೆ ರಿಜಿಸ್ಟರ್ ಅಂಚೆಯಲ್ಲಿ ಕಳಿಸಿದ್ದಾರೆ. ಹನ್ನೆರಡನೆಯವನು ಹಿಂದೆ ಸರಿದಿದ್ದಾನೆ. ಲೋಡು ಕೊಡುವುದನ್ನು ನಿಲ್ಲಿಸಿಯಾರು ಎಂಬ ಹೆದರಿಕೆ. ಅವನನ್ನು ನಾವು ಬಯ್ಯುವುದಿಲ್ಲ. ಅವನಿಗೂ ಕಂತು ಇದೆ, ಮಕ್ಕಳಿದ್ದಾರೆ. ಬರುವ ಭಾನುವಾರ ಸಂಜೆ ನಮ್ಮ ಕಚೇರಿಯಲ್ಲಿ ಲಾರಿಯವರು, ಗೋದಾಮಿನವರು, ಹಮಾಲರು ಸೇರುತ್ತಿದ್ದಾರೆ. ಗಿರಣಿಯ ಬಂಧುಗಳೂ ಅಂಗಡಿಯ ಮಿತ್ರರೂ ಬರಬೇಕೆಂದು ಕೇಳಿಕೊಳ್ಳುತ್ತೇವೆ. ಆ ಹನ್ನೆರಡನೆಯವನು ಬಾಗಿಲಲ್ಲಿ ಬಂದು ಇಣುಕಿ ನೋಡಿದಾಗ, ಒಳಗೆ ಕುಳಿತವರು ಹನ್ನೊಂದೇ ಜನರಲ್ಲ ಎಂದು ಅವನಿಗೆ ಕಾಣಬೇಕು.